ತೊಗರಿಬೇಳೆಗೆ ಎಷ್ಟು ಸೀಟಿ?

ಕೆಲವು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಸತತ ನಾಲ್ಕು ದಿನ ಬೇಯದ ಬೇಳೆಯ ಸಾರು ಉಂಡೆವು.

ಮೊದಲ ದಿನದ ತಪ್ಪು ನನ್ನದು. ಗಡ್ಡ ಮಾಡಿಕೊಳ್ಳುವಾಗ ನಾನು ಸೀಟಿ ಹೊಡೆಯುತ್ತೇನೆ. ಹಳೆಯ ಚಟ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಹೆಂಡತಿ ಸುನಂದಾ ಅದನ್ನು ಹೇಗೋ ಸಹಿಸಿಕೊಂಡಿದ್ದಾಳೆ. ಆದರೆ ಅವತ್ತು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೂತಿತ್ತು. ಕುಕ್ಕರಿನ ಸೀಟಿ ಎಣಿಸುವುದು ಅದರ ಕೆಲಸ. ನನ್ನ ಹಾಡಿನ ಪಲ್ಲವಿಯನ್ನು ಅದು ಒಂದು ಸೀಟಿ ಎಂದು ಬರೆದುಕೊಂಡಿತು. ಪಲ್ಲವಿ ಮತ್ತೆ ಬಂತು, ಎರಡು. ಚರಣ ಮುಗಿಯುವಷ್ಟರಲ್ಲಿ ನಾಲ್ಕು. ಡಬ್ಬಿಯ ಮೇಲಿನ ಕೆಂಪು ದೀಪ ಹತ್ತಿತು. ಸುನಂದಾ ನಂಬಿ ಗ್ಯಾಸ್ ಬಂದ್ ಮಾಡಿದಳು.

ಕುಕ್ಕರ್ ತೆಗೆದು ನೋಡಿದರೆ ಬೇಳೆ ಬಿಸಿನೀರಿನಲ್ಲಿ ಆರಾಮಾಗಿ ಈಜಾಡುತ್ತಿತ್ತು.

ಈ ಡಬ್ಬಿ ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಹೇಳಬೇಕಾದರೆ ನನ್ನ ನಿವೃತ್ತಿಯಿಂದಲೇ ಶುರು ಮಾಡಬೇಕು. ಬೆಳಗಾವಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿದವನು ನಾನು. ನಿವೃತ್ತನಾದ ಮೇಲೆ ಮಹಾಂತೇಶ ನಗರದ ಮನೆಯಲ್ಲಿ ಕೂತು ಮಿಕ್ಸರ್ ಬಿಚ್ಚುತ್ತಿದ್ದೆ, ಜೋಡಿಸುತ್ತಿದ್ದೆ. (ಎಷ್ಟೇ ಜೋಪಾನವಾಗಿ ಜೋಡಿಸಿದರೂ ಕೊನೆಗೆ ಎರಡು ಸ್ಕ್ರೂ ಉಳಿಯುತ್ತವೆ. ಇದಕ್ಕೆ ವಿಜ್ಞಾನದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.) ಆ ಮಿಕ್ಸರ್ ಆಮೇಲೆ ಚಟ್ನಿ ಅರೆಯುವ ಬದಲು ಕುಣಿಯಲು ಶುರು ಮಾಡುತ್ತಿತ್ತು. ಸುನಂದಾ ನನ್ನನ್ನು ನೋಡುವ ನೋಟವೇ ಬದಲಾಗಿತ್ತು.

ಆಗ ಮಂಜುಳಾಳ ಫೋನ್ ಬಂತು. ನನ್ನ ಹಳೆಯ ಸಹೋದ್ಯೋಗಿಯ ಮಗಳು. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರು.

"ಕಾಕಾ, ಒಂಬತ್ತನೇ ಕ್ಲಾಸಿನ ಹುಡುಗ್ರಿಗೆ ಸಮಾಜಕ್ಕ ಉಪಯೋಗ ಆಗೂವಂಥಾ ಏನರ ಹೊಸಾ ಮಶೀನ್ ಕಂಡಹಿಡಿಯಾಕ ಕಲಸಬೇಕಾಗೇತ್ರಿ. ನನಗ ಸೋಲ್ಡರಿಂಗ್ ಅಂದ್ರ ಕೈ ನಡಗತಾವು. ಶನಿವಾರಕ್ಕೊಮ್ಮಿ ಬಂದ ಹೋಗ್ರಿ."

ಯೋಚಿಸಿ ಹೇಳುತ್ತೇನೆ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಸುನಂದಾ ಫೋನ್ ಕಸಿದುಕೊಂಡಿದ್ದಳು. "ಬರ್ತಾರವಾ. ಬರೇ ಶನಿವಾರಷ್ಟ ಯಾಕ, ಶುಕ್ರವಾರನೂ ಕರಕೊಂಡ್ರ ನಡೀತೈತಿ."

ಹೀಗೆ ನಾನು ಸಮಾಜಸೇವಕನಾದೆ.

ಶನಿವಾರ ಬೆಳಗಿನ ಶಾಲೆ. ಖಾನಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಪಾರಿಶ್ವಾಡಕ್ಕೆ ಇನ್ನೊಂದು. ಚೀಲದಲ್ಲಿ ವೈರು, ಸೋಲ್ಡರಿಂಗ್ ಕಡ್ಡಿ, ಪುಟ್ಟ ಸರ್ಕ್ಯೂಟ್ ಬೋರ್ಡುಗಳು. ಎದೆಯಲ್ಲಿ ಭಾಷಣ. ಬಸ್ಸಿನಲ್ಲೇ ಎರಡು ಸಲ ತಾಲೀಮು ಮಾಡಿದ್ದೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂತರು.

"ಸಮಾಜದ ಒಂದು ದೊಡ್ಡ ಸಮಸ್ಯೆ ಹಿಡೀರಿ" ಎಂದು ಶುರು ಮಾಡಿದೆ. "ದೊಡ್ಡದು ಇರಬೇಕು. ದೇಶಕ್ಕ ಉಪಯೋಗ ಆಗಬೇಕು." ಉದಾಹರಣೆಗೆ ನಾನೇ ಮಾಡಿಕೊಂಡು ಹೋಗಿದ್ದ ಸ್ಮಾರ್ಟ್ ಡಸ್ಟ್‌ಬಿನ್ ಮೇಜಿನ ಮೇಲಿಟ್ಟೆ. ಹತ್ತಿರ ಕೈ ತಂದರೆ ತಾನೇ ಬಾಯಿ ತೆರೆಯುತ್ತದೆ. ಕಸ ಬಿದ್ದರೆ "ಥ್ಯಾಂಕ್ ಯೂ" ಅನ್ನುತ್ತದೆ. ಚಪ್ಪಾಳೆಗಾಗಿ ಒಂದು ಕ್ಷಣ ನಿಂತೆ.

ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಎರಡು ಜಡೆ, ಗಂಭೀರ ಮುಖ. ಹೆಸರು ಭಾಗ್ಯಶ್ರೀ.

"ಸರ್, ನಮ್ಮೂರಾಗ ಕಸಾ ಹೊಡಿಯಾವ್ರಿಗೇ ಯಾರೂ ಥ್ಯಾಂಕ್ ಯೂ ಅನ್ನಂಗಿಲ್ರಿ. ಇದು ಕಸಾ ಒಗಿಯಾವ್ರಿಗೆ ಯಾಕ ಅನ್ನತೈತ್ರಿ?"

ಮಂಜುಳಾ ಕಿಟಕಿಯ ಹೊರಗೆ ನೋಡತೊಡಗಿದಳು. ನಾನು ಡಸ್ಟ್‌ಬಿನ್ ಚೀಲಕ್ಕೆ ಹಾಕಿದೆ. ಚೀಲಕ್ಕೆ ಹಾಕುವಾಗ ಅದು ಇನ್ನೊಮ್ಮೆ ಥ್ಯಾಂಕ್ ಯೂ ಅಂದಿತು.

ಹೋಮ್‌ವರ್ಕ್ ಕೊಟ್ಟೆ. ಪ್ರತಿಯೊಬ್ಬರೂ ಊರಿನ ಹತ್ತು ಮಂದಿಯನ್ನು ಮಾತಾಡಿಸಬೇಕು, ಅವರ ತೊಂದರೆ ಏನು ಎಂದು ಬರೆದುಕೊಂಡು ಬರಬೇಕು. ಮುಂದಿನ ಶನಿವಾರ ಪಟ್ಟಿಗಳು ಬಂದವು. ನೀವೂ ಕೇಳಿ.

"ನಮ್ಮ ಎಮ್ಮಿ ಮನ್ಯಾಗ ಯಾರಿಗೂ ಒದಿಯಂಗಿಲ್ಲ, ನನಗಷ್ಟ ಒದೀತೈತಿ." "ನನ್ನ ಗಂಡ ಗೊರಕಿ ಹೊಡಿತಾನ, ಎಬ್ಬಿಸಿದ್ರ ನಾ ಮಲಗೇ ಇಲ್ಲ ಅಂತಾನ." "ಬೀಗರು ಬಂದ್ರ ಎದ್ದ ಹೋಗಂಗಿಲ್ಲ, ಅದಕ್ಕೊಂದು ಮಶೀನ್ ಮಾಡ್ರಿ." ಒಬ್ಬ ಹಿರಿಯರು ತಮಗೆ ಯಾವ ತೊಂದರೆಯೂ ಇಲ್ಲ ಎಂದು ಹೇಳಿದ್ದರಂತೆ. ಅಷ್ಟು ಹೇಳಲು ಒಂದೂವರೆ ತಾಸು ತೆಗೆದುಕೊಂಡರಂತೆ.

ಭಾಗ್ಯಶ್ರೀಯ ಹಾಳೆಯಲ್ಲಿ ಒಂದೇ ಸಾಲು ಇತ್ತು. ಓದಲು ಹೇಳಿದೆ.

"ನಮ್ಮ ಆಯಿಗೆ ಕುಕ್ಕರ್ ಸೀಟಿ ಕೇಳಂಗಿಲ್ರಿ."

(ಗೊತ್ತಿಲ್ಲದವರಿಗಾಗಿ: ನಮ್ಮ ಕಡೆ ಕನ್ನಡದ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಬಾಜೂಕಿನ ಮರಾಠಿ ಮನೆಯಲ್ಲಿ ಆಯಿ ಎಂದರೆ ತಾಯಿ. ಓಣಿಯಲ್ಲಿ ನಿಂತು "ಆಯೀ" ಎಂದು ಕೂಗಿದರೆ ಎರಡು ತಲೆಮಾರಿನ ಹೆಂಗಸರು ಹೊರಗೆ ಬರುತ್ತಾರೆ.)

ಕ್ಲಾಸು ನಕ್ಕಿತು. "ಬಾಕಿ ಒಂಬತ್ತು ಮಂದಿ ಎಲ್ಲಿ?" ಎಂದು ಕೇಳಿದೆ.

"ಆಯಿನ್ನ ಒಬ್ಬಾಕಿನ್ನ ಕೇಳಿ ಮುಗಸೂದ್ರಾಗ ವಾರಾ ಮುಗೀತ್ರಿ ಸರ್. ಭಾಳ ಜೋರ್ ಒದರಬೇಕಾಗತೈತ್ರಿ."

ಆಮೇಲೆ ವಿಷಯ ತಿಳಿಯಿತು. ಭಾಗ್ಯಶ್ರೀಯ ತಾಯಿ ಶೋಭಾ ಖಾನಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಒಂಬತ್ತೂವರೆಯ ಬಸ್ಸು ಹಿಡಿಯಬೇಕು. ಮೊದಲು ಅಡುಗೆಯ ಜವಾಬ್ದಾರಿ ಪೂರ್ತಿ ಅಜ್ಜಿ ಗಂಗವ್ವನವರದು. ಕಿವಿ ಮಂದವಾದ ಮೇಲೆ ಒಂದು ದಿನ ಬೇಳೆ ತಳ ಹಿಡಿದು, ಕುಕ್ಕರ್ ಕರ್ರಗಾಗಿ, ಮನೆಯ ತುಂಬ ಹೊಗೆ. ಅವತ್ತಿನಿಂದ ಅತ್ತೆ ಒಲೆ ಮುಟ್ಟಬಾರದು ಎಂದು ಸೊಸೆಯ ಕಾನೂನು. ಈಗ ಶೋಭಾ ರೊಟ್ಟಿ ಬಡಿದು, ಕುಕ್ಕರ್ ಏರಿಸಿ, ಬಸ್ಸಿಗೆ ಓಡುತ್ತಾರೆ. ಸೀಟಿ ಎಣಿಸಿ ಇಳಿಸುವುದು ಮಗಳ ಪಾಲು. ಎಣಿಸಿ ಮುಗಿಯುವ ಹೊತ್ತಿಗೆ ಶಾಲೆಯಲ್ಲಿ ಮೊದಲ ಪಿರಿಯಡ್ ಅರ್ಧ ಆಗಿರುತ್ತದೆ. ಗಂಗವ್ವನವರು ಮೂಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿರುತ್ತಾರೆ. ನಲವತ್ತು ವರ್ಷ ಮನೆ ಮಂದಿಗೆಲ್ಲ ಬೇಯಿಸಿ ಹಾಕಿದವರಿಗೆ ಈಗ ಬಳ್ಳೊಳ್ಳಿ ಖಾತೆ.

ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ. (ಈ ಮಾತು ಇವತ್ತಿಗೂ ನೆನಪಾದರೆ ಬೆವರುತ್ತೇನೆ.) "ನೋಡ ಭಾಗ್ಯಶ್ರೀ, ಇದು ಮನಿ ಸಮಸ್ಯೆ ಆತು. ನಮಗ ಸಮಾಜದ್ದು ಬೇಕು."

ಅವಳ ಪಕ್ಕದಲ್ಲಿದ್ದ ಗೆಳತಿ ಸಾನಿಕಾ ಎದ್ದಳು. ಉತ್ಸಾಹ ಬಂದರೆ ಸಾನಿಕಾಳಿಗೆ ಮರಾಠಿಯೇ ಬರುವುದು. "ಸರ್, ಕುಕರ್ ತರ ಸಗಳ್ಯಾಂಚ್ಯಾ ಘರೀ ಆಹೇ." ಕುಕ್ಕರ್ ಎಲ್ಲರ ಮನೆಯಲ್ಲೂ ಇದೆಯಲ್ಲ ಎಂದು ಅವಳ ವಾದ.

ಭಾಗ್ಯಶ್ರೀ ಪೆನ್ನು ತೆಗೆದು ಕೇಳಿದಳು. "ನಿಮ್ಮ ಮನ್ಯಾಗ ತೊಗರಿಬ್ಯಾಳಿಗೆ ಎಷ್ಟ ಸೀಟಿ ಬೇಕ್ರಿ ಸರ್?"

ಓದುಗರೇ, ನಾನು ಟ್ರಾನ್ಸಿಸ್ಟರಿನ ಒಳಗೆ ಏನು ಓಡುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಮ್ಮ ಮನೆಯ ಬೇಳೆಗೆ ಎಷ್ಟು ಸೀಟಿ ಎಂಬುದು ಗೊತ್ತಿರಲಿಲ್ಲ. "ಅದು ಬ್ಯಾಳಿ ಮ್ಯಾಲ ಐತಿ" ಎಂದೆ. ನಲವತ್ತು ಮಕ್ಕಳು ಒಟ್ಟಿಗೆ ತಲೆ ತಗ್ಗಿಸಿದರು. ಹೆಗಲುಗಳು ಮಾತ್ರ ಕುಲುಕುತ್ತಿದ್ದವು.

ಮನೆಗೆ ಬಂದು ಸುನಂದಾಳನ್ನು ಕೇಳಿದೆ. ಅವಳು ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮೂವತ್ನಾಲ್ಕ ವರ್ಷ ದಿನಾ ಎರಡ ಸಲ ಕೇಳೀರಿ. ಎಣಿಸಿಲ್ಲೇನು?"

"ಕೇಳೇನಿ. ಲಕ್ಷ್ಯ ಕೊಟ್ಟಿಲ್ಲ."

"ನಾಕು. ಅಕ್ಕಿಗೆ ಮೂರು. ಕಡ್ಲಿಗೆ ಆರು." ಆಮೇಲೆ ಸ್ವಲ್ಪ ತಡೆದು, "ಆ ಹುಡುಗಿಗೆ ಮಾಡಿಕೊಡ್ರಿ ಅದನ್ನ. ಬ್ಯಾರೇ ಏನೂ ಮಾಡಬ್ಯಾಡ್ರಿ" ಎಂದಳು. ನಮ್ಮ ಮನೆಯಲ್ಲಿ ಇಂಥ ಮಾತಿಗೆ ಮೇಲ್ಮನವಿ ಇಲ್ಲ.

ಮೂರು ಶನಿವಾರದಲ್ಲಿ ಡಬ್ಬಿ ಸಿದ್ಧವಾಯಿತು. ಸದ್ದು ಹಿಡಿಯಲು ಪುಟ್ಟ ಮೈಕು, ಎಣಿಸಲು ಬೋರ್ಡು, ಅಂಕಿ ತೋರಿಸಲು ಪುಟ್ಟ ಪರದೆ, ಎಣಿಕೆ ಮುಗಿದಾಗ ಹತ್ತುವ ಕೆಂಪು ದೀಪ. ಕಿವಿ ಕೇಳದವರು ದೀಪ ನೋಡಿ ಒಲೆ ಆರಿಸಬಹುದು. ಸೋಲ್ಡರಿಂಗ್ ಪೂರ್ತಿ ಸಾನಿಕಾಳದು. ಅವಳು ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದಾಗ ಡಬ್ಬಿ ತಪ್ಪದೆ ಎಣಿಸಿತು. ಊರಿನಲ್ಲಿ ಇಡುವ ಮೊದಲು ಪರೀಕ್ಷೆಗೆಂದು ನಾನೇ ಅದನ್ನು ಮನೆಗೆ ತಂದೆ.

ಮೊದಲ ದಿನ ಏನಾಯಿತು ಎಂದು ಆಗಲೇ ಹೇಳಿದೆ. ಎರಡನೇ ದಿನ ನಾನು ಬಾಯಿ ಮುಚ್ಚಿಕೊಂಡು ಗಡ್ಡ ಮಾಡಿಕೊಂಡೆ. ಆದರೆ ಕಸದ ಗಾಡಿ ಹಾಡು ಹಾಕಿಕೊಂಡು ಓಣಿಗೆ ಬಂತು. ಬೇಳೆ ಬೇಯಲಿಲ್ಲ. ಮೂರನೇ ದಿನ ಕಿಟಕಿ ಬಂದ್ ಮಾಡಿದೆವು. ಡಬ್ಬಿ ಗೋಡೆಯಾಚೆಯ ಮನೆಯ ಕುಕ್ಕರನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿತು. ಅವರ ಬೇಳೆ ಬೆಂದಿತು, ನಮ್ಮದು ಬೇಯಲಿಲ್ಲ.

ನಾಲ್ಕನೇ ದಿನ ಎಲ್ಲ ಬಂದೋಬಸ್ತು ಮಾಡಿದ್ದೆ. ಕಿಟಕಿ ಬಂದ್, ಬಾಗಿಲು ಬಂದ್, ನನ್ನ ಬಾಯಿ ಬಂದ್. ಆಗ ಸುನಂದಾಳ ತಂಗಿ ಸದಾಶಿವನಗರದಿಂದ ಫೋನ್ ಮಾಡಿದಳು. ಕೈಗೆ ಹಿಟ್ಟು ಹತ್ತಿದೆಯೆಂದು ಸುನಂದಾ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟಳು. ಅಕ್ಕತಂಗಿಯರ ಮಾತು ನಿಮಗೆ ಗೊತ್ತಲ್ಲ. ಮಾತಿನ ನಡುವೆ ತಂಗಿಯ ಕುಕ್ಕರ್ ನಾಲ್ಕು ಸಲ ಕೂಗಿತು.

ಸದಾಶಿವನಗರದ ಸೀಟಿಗೆ ಮಹಾಂತೇಶ ನಗರದಲ್ಲಿ ಗ್ಯಾಸ್ ಬಂದ್.

ಇಷ್ಟಾದರೂ ನನ್ನ ಹಮ್ಮು ಇಳಿಯಲಿಲ್ಲ. ಮೇಷ್ಟರ ಜಾತಿಯೇ ಅಂಥದ್ದು. ಬೇರೆ ಸದ್ದುಗಳನ್ನು ಸೋಸಿ ತೆಗೆಯುವ ಫಿಲ್ಟರ್ ಹಾಕಿದೆ. ಅದರ ಬಗ್ಗೆ ಕ್ಲಾಸಿನಲ್ಲಿ ಒಂದು ತಾಸು ಬೋರ್ಡಿನ ತುಂಬ ಗೆರೆ ಎಳೆದು ವಿವರಿಸಿದೆ. ಹೆಡ್‌ಮಾಸ್ತರರನ್ನೂ ಕರೆಸಿ ಪ್ರದರ್ಶನ ಇಟ್ಟೆವು. ಮಂಜುಳಾ ಸ್ಟಾಫ್‌ರೂಮಿನ ಒಲೆಯ ಮೇಲೆ ಕುಕ್ಕರ್ ಏರಿಸಿದಳು. ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು.

ಅದೇ ಹೊತ್ತಿಗೆ ಹೊರಗೆ ಪಿ.ಟಿ. ಮಾಸ್ತರು ಖೋ-ಖೋ ಆಡಿಸಲು ಶುರು ಮಾಡಿದರು.

ಡಬ್ಬಿ ಇಪ್ಪತ್ತೇಳರವರೆಗೆ ಎಣಿಸಿತು. ಕುಕ್ಕರ್ ಇನ್ನೂ ಒಂದು ಸೀಟಿಯನ್ನೂ ಹಾಕಿರಲಿಲ್ಲ. ಹೆಡ್‌ಮಾಸ್ತರರು ಎದ್ದು ನನ್ನ ಕೈ ಕುಲುಕಿ, "ಭಾಳ ಚುರುಕ್ ಐತ್ರಿ ನಿಮ್ಮ ಮಶೀನು" ಎಂದು ಹೊರಟುಹೋದರು.

ಭಾಗ್ಯಶ್ರೀಯ ಮನೆಯಲ್ಲಂತೂ ಇನ್ನೂ ಕಷ್ಟ. ಬಸ್ ಸ್ಟಾಪು ಅವರ ಬಾಗಿಲ ಮುಂದೆಯೇ. ಕಂಡಕ್ಟರ್ ಒಮ್ಮೆ ಸೀಟಿ ಊದಿ ಬಸ್ಸು ನಿಲ್ಲಿಸುತ್ತಾನೆ, ಇನ್ನೊಮ್ಮೆ ಊದಿ ಬಿಡಿಸುತ್ತಾನೆ. ಅಂದರೆ ಎರಡು ಬಸ್ಸು ಬಂದರೆ ಬೇಳೆ ಬೆಂದ ಲೆಕ್ಕ.

ನಾನು ಸೋತೆ. ಬೆಳಗಾವಿಯಲ್ಲಿ ಶಾಲಾ ಮಕ್ಕಳ ಪ್ರದರ್ಶನಕ್ಕೆ ಒಂದೇ ತಿಂಗಳು ಉಳಿದಿತ್ತು. "ಈ ಸಲ ಡಸ್ಟ್‌ಬಿನ್ನೇ ಒಯ್ಯೂಣು" ಎಂದು ಮೆಲ್ಲಗೆ ಹೇಳಿದೆ. ಸಾನಿಕಾ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟಳು. ಅವಳ ಮುಖ ನೋಡಲಾಗಲಿಲ್ಲ. ಭಾಗ್ಯಶ್ರೀ ಮಾತ್ರ ಡಬ್ಬಿಯನ್ನು ದುಪ್ಪಟ್ಟಾದಲ್ಲಿ ಸುತ್ತಿಕೊಂಡು, "ಒಮ್ಮಿ ನಮ್ಮ ಆಯಿನ್ನ ಭೆಟ್ಟಿ ಆಗ್ರಿ ಸರ್. ನೀವು ಆಕಿನ್ನ ನೋಡೇ ಇಲ್ಲ" ಎಂದಳು.

ಹೌದಲ್ಲ. ಎರಡು ತಿಂಗಳಿಂದ ಯಾರಿಗಾಗಿ ಯಂತ್ರ ಮಾಡುತ್ತಿದ್ದೆನೋ ಅವರ ಮುಖವನ್ನೇ ನಾನು ನೋಡಿರಲಿಲ್ಲ.

ಹೋದೆವು. ಗಂಗವ್ವನವರು ನನ್ನನ್ನು ನೋಡಿದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದರು. ತಮಗೆ ಕೇಳುವುದಿಲ್ಲವಾದ್ದರಿಂದ ಲೋಕಕ್ಕೂ ಕೇಳುವುದಿಲ್ಲ ಎಂದು ಅವರು ತಿಳಿದಿದ್ದಾರೆ. ಹಾಗಾಗಿ ಅವರು ಆಡುವ ಗುಟ್ಟಿನ ಮಾತೂ ಬಸ್ ಸ್ಟಾಪಿಗೆ ಕೇಳುತ್ತದೆ.

"ಬರ್ರಿ, ಒಳಗ ಬರ್ರಿ. ಎಷ್ಟ ದಿನಾ ಆತು ಹೇಳಿಕಳಿಸಿ."

ಎಂಥ ಆದರ ಎಂದು ನನಗೆ ಕಣ್ಣು ತುಂಬಿ ಬಂತು.

"ಪೈಪ್ ಮದ್ಲ ನೋಡ್ರಿ. ಎಡಗಡಿ ಒಲಿ ಸಣ್ಣ ಉರಿತೈತಿ."

"ಆಯೀ, ಗ್ಯಾಸಿನವ್ರಲ್ಲ, ಸರ್" ಎಂದು ಭಾಗ್ಯಶ್ರೀ ಕಿವಿಯ ಹತ್ತಿರ ಕೂಗಿದಳು.

"ಹೂಂ, ಸರಿ ಮಾಡ್ತಾರ. ಮಾಡ್ಲಿ."

ಏನು ಮಾಡಲಿ? ಎಡಗಡೆ ಒಲೆ ಬಿಚ್ಚಿ ಸ್ವಚ್ಛ ಮಾಡಿಕೊಟ್ಟೆ. ಚೊಲೋ ಉರಿಯಿತು. (ಸ್ಕ್ರೂ ಒಂದೂ ಉಳಿಯಲಿಲ್ಲ. ಗಂಗವ್ವನವರು ಒಂದೊಂದನ್ನೂ ಎಣಿಸಿ ಕೈಗೆ ಕೊಟ್ಟಿದ್ದರು.) ಒಲೆ ಪರೀಕ್ಷಿಸಲು ಅವರೇ ಕುಕ್ಕರ್ ಏರಿಸಿದರು. ಶೋಭಾ ಖಾನಾಪುರದಲ್ಲಿದ್ದರಲ್ಲ, ತಡೆಯುವವರು ಯಾರೂ ಇರಲಿಲ್ಲ. ಮೊದಲ ಸೀಟಿ ಕೂಗಿತು. ಗಂಗವ್ವನವರು ಕುಕ್ಕರಿಗೆ ಬೆನ್ನು ಮಾಡಿ ನಮಗೆ ಚಹಾ ಸೋಸುತ್ತಿದ್ದರು. ಎಡಗೈ ಮಾತ್ರ ಹಿಂದಕ್ಕೆ ಚಾಚಿ, ಕುಕ್ಕರಿನಿಂದ ಒಂದು ಗೇಣು ಮೇಲೆ ಹಿಡಿದಿದ್ದರು. ಒಂದು ಬೆರಳು ಮಡಚಿದರು. ಎರಡನೇ ಸೀಟಿ, ಇನ್ನೊಂದು ಬೆರಳು.

"ಯವ್ವಾ, ಹೆಂಗ ಗೊತ್ತಾತು?" ಎಂದು ಕೈಸನ್ನೆಯಿಂದ ಕೇಳಿದೆ.

"ಉಗಿ ಬಂದ ಬಡಿತೈತಲ್ರಿ ಕೈಗೆ. ಕಿವಿ ಹೋಗ್ಯಾವ, ಕೈ ಎಲ್ಲಿ ಹೋಗೈತಿ?"

ಹುಡುಗಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾನಿಕಾ ಮೆಲ್ಲಗೆ ಕೇಳಿದಳು. "ಸರ್, ಬಿಸಿ ಗೊತ್ತಾಗೂ ಸೆನ್ಸರ್ ಇರತೈತೇನ್ರಿ?"

ಇರುತ್ತದೆ. ಅದರ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಕೇಳಿದ್ದೇನೆ. ನನಗೆ ಹೊಳೆಯಲಿಲ್ಲ.

ಮೈಕು ಹೋಯಿತು. ಕುಕ್ಕರಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಬಗ್ಗಿಸಿದ ತಂತಿಯ ತುದಿಗೆ ಕಡಲೆಕಾಳಿನಷ್ಟು ದೊಡ್ಡ ಸೆನ್ಸರ್ ಬಂತು. ಉಗಿ ಬಡಿದಾಗಲೆಲ್ಲ ಒಂದು ಎಣಿಕೆ. ಕಂಡಕ್ಟರ್ ಊದಲಿ, ಪಿ.ಟಿ. ಮಾಸ್ತರು ಊದಲಿ, ನಾದಿನಿ ದಿನವಿಡೀ ಮಾತಾಡಲಿ, ಡಬ್ಬಿ ತನ್ನ ಪಾಡಿಗೆ ತಾನು. ನಮ್ಮ ಮನೆಯಲ್ಲಿ ಬೇಳೆ ಬೆಂದಿತು. ಅವತ್ತು ನಾನು ಗಡ್ಡ ಮಾಡಿಕೊಳ್ಳುತ್ತ ಮೂರು ಹಾಡು ಮುಗಿಸಿದೆ. ಸುನಂದಾ ಬಂದು, ಬೇಳೆ ಹಸಿ ಇದ್ದಾಗಲೇ ಮನೆಯಲ್ಲಿ ನೆಮ್ಮದಿ ಇತ್ತು ಎಂದಳು.

ಬೆಳಗಾವಿಯ ಪ್ರದರ್ಶನ. ದೊಡ್ಡ ಹಾಲು, ಸಾಲು ಸಾಲು ಮೇಜು. ಒಳಗೆ ಕಾಲಿಟ್ಟು ಎಣಿಸಿದೆ. ಏಳು ಸ್ಮಾರ್ಟ್ ಡಸ್ಟ್‌ಬಿನ್. ಯಾರು ಹತ್ತಿರ ಸುಳಿದರೂ ಬಾಯಿ ತೆರೆದು ಥ್ಯಾಂಕ್ ಯೂ. ಹಾಲಿನ ತುಂಬ ಜನ ಓಡಾಡುತ್ತಿದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಏಳೂ ಡಸ್ಟ್‌ಬಿನ್ನುಗಳು ಬಿಡುವಿಲ್ಲದೆ ಕೃತಜ್ಞತೆ ಸಲ್ಲಿಸುತ್ತಿದ್ದವು. ಒಂದರಲ್ಲೂ ಕಸ ಇರಲಿಲ್ಲ. ಕಸ ಎಲ್ಲ ನೆಲದ ಮೇಲಿತ್ತು.

ಹಾಲಿನೊಳಗೆ ಗ್ಯಾಸ್ ತರುವಂತಿರಲಿಲ್ಲ. ಮಂಜುಳಾ ಕರೆಂಟಿನ ಒಲೆ ತಂದಿದ್ದಳು. ಅದು ಕಾಯುವುದು ನಿಧಾನ. ತೀರ್ಪುಗಾರರು ನಮ್ಮ ಮೇಜಿಗೆ ಬಂದಾಗ ಕುಕ್ಕರ್ ಇನ್ನೂ ಗಪ್‌ಚಿಪ್.

"ಏನಿದು?" ಎಂದರು ಮುಖ್ಯ ತೀರ್ಪುಗಾರರು. ಕೋಟು, ಬ್ಯಾಡ್ಜು, ಕೈಯಲ್ಲಿ ಅಂಕದ ಹಾಳೆ.

"ಸೀಟಿ ಕೌಂಟರ್ ರೀ. ಹತ್ತ ಮಿನಿಟ್ ಕುಂದರ್ರಿ ಸರ್, ಈಗ ಬರತೈತಿ" ಎಂದು ಸಾನಿಕಾ ಕುರ್ಚಿ ಎಳೆದು ಕೊಟ್ಟಳು. ಆ ಸಭಾಂಗಣದಲ್ಲಿ ಅವರಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ ಎಂದು ಕಾಣುತ್ತದೆ, ಕೂತುಬಿಟ್ಟರು. ಭಾಗ್ಯಶ್ರೀ ಆಯಿಯ ಕಥೆ ಹೇಳಿದಳು. ಅವರು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು.

"ಚೆನ್ನಾಗಿದೆ. ಆದರೆ ಇದು ಮನೆಯ ಸಮಸ್ಯೆ. ಇದರಿಂದ ಸಮಾಜಕ್ಕೆ ಏನು ಉಪಯೋಗ?"

ನನ್ನ ಕಿವಿ ಬಿಸಿಯಾಯಿತು. ಅದು ನನ್ನದೇ ವಾಕ್ಯ, ಬೇರೆಯವರ ಬಾಯಲ್ಲಿ. ಭಾಗ್ಯಶ್ರೀ ನನ್ನ ಕಡೆ ನೋಡಬಹುದು ಎಂದುಕೊಂಡೆ. ನೋಡಲಿಲ್ಲ.

"ಸರ್, ನಮ್ಮ ಆಯಿ ಸಮಾಜದಾಗ ಬರಂಗಿಲ್ಲೇನ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಖರೇನೇ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. ಪೆನ್ನು ಕೈಯಲ್ಲೇ ಇತ್ತು, ಅವರು ಉತ್ತರ ಹೇಳಿದರೆ ಬರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಡಬ್ಬಿಯ ಮೇಲೆ ಒಂದು ಎಂಬ ಅಂಕಿ ಮೂಡಿತು. ಬೇಳೆಯ ವಾಸನೆ ಹಾಲಿನ ತುಂಬ ಹರಡಿತು. ಊಟದ ಹೊತ್ತು ಮೀರಿತ್ತು ಬೇರೆ. ಬೇರೆ ಬೇರೆ ಶಾಲೆಗಳ ಟೀಚರುಗಳು ಬಂದು ಸುತ್ತ ನಿಂತರು. ನಾಲ್ಕನೇ ಸೀಟಿಗೆ ಕೆಂಪು ದೀಪ ಹತ್ತಿದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. "ನಮ್ಮತ್ತಿಗೊಂದು ಮಾಡಿಕೊಡ್ತೀರೇನ?" ಎಂದು ಆರು ಮಂದಿ ಕೇಳಿದರು. ಒಬ್ಬರು ತಗ್ಗಿದ ದನಿಯಲ್ಲಿ, "ನನಗೇ ಬೇಕವಾ" ಎಂದರು.

ಮೊದಲ ಬಹುಮಾನ ಡಸ್ಟ್‌ಬಿನ್ನಿಗೆ ಹೋಯಿತು. ನಮಗೆ ಸಮಾಧಾನಕರ ಬಹುಮಾನ. ಹೆಸರು ಬರೆದುಕೊಂಡವರು ಏನು ಕೇಳಿಸಿಕೊಂಡರೋ, ಪ್ರಮಾಣಪತ್ರದಲ್ಲಿ "ಸೀಟಿ ಕೌಂಟರ್" ಬದಲು "ಸಿಟಿ ಕೌನ್ಸಿಲರ್" ಎಂದು ಅಚ್ಚಾಗಿದೆ. ಗಂಗವ್ವನವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಪಾರಿಶ್ವಾಡದಲ್ಲಿ ಈಗ ಒಬ್ಬ ನಗರಸೇವಕಿ ಇದ್ದಾಳೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಳೆದ ಭಾನುವಾರ ಅವರ ಮನೆಯಲ್ಲಿ ನನ್ನನ್ನು ಊಟಕ್ಕೆ ಕರೆದಿದ್ದರು.

ಶೋಭಾ ಅವರಿಗೆ ರಜೆ. ಹೊರಗಿನ ಕೋಣೆಯಲ್ಲಿ ಕೂತು ನನ್ನೊಡನೆ ಮಾತಾಡುತ್ತಿದ್ದರು. "ಈಗ ಮುಂಜಾನಿ ನನಗ ಗಡಿಬಿಡಿನ ಇಲ್ರಿ. ಅತ್ತಿಯಾರ ಎಲ್ಲಾ ಮಾಡ್ತಾರ. ಲೈಟ್ ಹತ್ತಿದ್ದ ನೋಡಿ ನಾ ಬಸ್ಸಿಗೆ ಹೋಗತೇನ್ರಿ." ಭಾಗ್ಯಶ್ರೀ ಈಗ ಪ್ರಾರ್ಥನೆಗೇ ಶಾಲೆಯಲ್ಲಿರುತ್ತಾಳೆ. ಅಡುಗೆಮನೆಯಲ್ಲಿ ಗಂಗವ್ವನವರ ರಾಜ್ಯ. ರೊಟ್ಟಿ, ಮುಳಗಾಯಿ ಪಲ್ಯ, ಒಲೆಯ ಮೇಲೆ ಬೇಳೆ. ಬಳ್ಳೊಳ್ಳಿಯನ್ನು ಈಗ ಅವರ ಮಗ, ಭಾಗ್ಯಶ್ರೀಯ ಅಪ್ಪ, ಸುಲಿಯುತ್ತಿದ್ದಾರೆ.

ನನ್ನ ಫೋನಿನ ಚಾರ್ಜು ಮುಗಿದಿತ್ತು. ಅಡುಗೆಮನೆಗೆ ಹೋಗಿ ಅಲ್ಲಿದ್ದ ಪ್ಲಗ್ ಪಾಯಿಂಟಿಗೆ ಚಾರ್ಜರ್ ಚುಚ್ಚಿ, ಅಲ್ಲೇ ಮಣೆಯ ಮೇಲೆ ಕೂತು ಅವರು ಅಡುಗೆ ಮಾಡುವುದನ್ನು ನೋಡಿದೆ. ಕುಕ್ಕರ್ ನಾಲ್ಕು ಸಲ ಕೂಗಿತು. ಗಂಗವ್ವನವರು ಪಲ್ಯ ಕೆದರುತ್ತಲೇ ಕೈ ಚಾಚಿ ಒಲೆ ಆರಿಸಿದರು.

ದೀಪ ಹತ್ತಿರಲಿಲ್ಲ.

ತಿರುಗಿ ನೋಡಿದೆ. ಡಬ್ಬಿಯ ವೈರು ನೆಲದ ಮೇಲೆ ಬಿದ್ದಿತ್ತು. ಕಿತ್ತವನು ನಾನೇ. ಎಲೆಕ್ಟ್ರಾನಿಕ್ಸ್ ಮೇಷ್ಟರು ತನ್ನ ಶಿಷ್ಯೆಯರ ಯಂತ್ರದ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕಿದ್ದರು. ಗಾಬರಿಯಿಂದ ಅದನ್ನು ಮತ್ತೆ ಚುಚ್ಚಲು ಹೋದಾಗ ಗಂಗವ್ವನವರು ನನ್ನನ್ನು ನೋಡಿ ನಕ್ಕರು. ಹೊರಗಿನ ಕೋಣೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅದಿದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತ್ರಿ ಸರ. ನನಗ ಮದಲಿಂದನೂ ಗೊತ್ತಾಗತೈತಿ. ಅವತ್ತ ಬ್ಯಾಳಿ ಹೊತ್ತಿದ ದಿನ, ಸೊಸಿ ಬೆನ್ನ ಮಾಡಿ ನಿಂತು, ಕುಕ್ಕರ್ ಇಟ್ಟೇನಿ ನೋಡ್ರಿ ಅಂದ ಹೋಗ್ಯಾಳ. ನನಗ ಹೆಂಗ ಕೇಳಬೇಕು? ನಾ ಹಿತ್ತಲದಾಗಿದ್ನಿ. ಆಮ್ಯಾಲ ಎಷ್ಟ ಹೇಳಿದ್ರೂ ನಂಬ್ಲಿಲ್ಲ. ಈಗ ಲೈಟ್ ಹೇಳತೈತಿ, ನಂಬ್ತಾಳ." ನನ್ನ ಮುಂದೆ ತಾಟು ಇಟ್ಟು ರೊಟ್ಟಿ ಹಾಕಿದರು. "ಕೂಸಿಗೆ ಹೇಳಬ್ಯಾಡ್ರಿ. ಭಾಳ ಕಷ್ಟಪಟ್ಟ ಮಾಡೈತಿ."

ಆ ರೊಟ್ಟಿಯ ಮೇಲೆ ಇನ್ನೆರಡು ಹಾಕಿಸಿಕೊಂಡು ಉಂಡೆ. (ಬೇಳೆ ಚೆನ್ನಾಗಿಯೇ ಬೆಂದಿತ್ತು.)

ಬಸ್ಸು ಬರುವವರೆಗೆ ಭಾಗ್ಯಶ್ರೀ ನನ್ನ ಜೊತೆ ಸ್ಟಾಪಿನಲ್ಲಿ ನಿಂತಳು. ಸುಮ್ಮನೆ ಹೋಗಬಹುದಿತ್ತು. ಮೇಷ್ಟರ ಚಟ ಬಿಡಬೇಕಲ್ಲ, ಒಂದು ತಪ್ಪು ತೋರಿಸಿಯೇ ಹೋಗೋಣ ಎನಿಸಿತು.

"ಡಬ್ಬಿ ಇಟ್ಟಿದ್ದು ಬರೋಬರಿ ಇಲ್ಲ ನೋಡ. ದೀಪಾ ಬಾಗಲ ಕಡೆ ಮುಖಾ ಮಾಡೈತಿ. ಒಲಿ ಮುಂದ ನಿಂತಾವ್ರಿಗೆ ಕಾಣಂಗೇ ಇಲ್ಲ."

"ಬೇಕಂತನ ಇಟ್ಟೇನ್ರಿ ಸರ್."

"ಯಾಕ?"

"ಆಯಿಗೆ ದೀಪಾ ಬೇಕಾಗಿಲ್ರಿ. ಆಕಿ ಕೈಯಿಂದನ ಎಣಸ್ತಾಳ. ಮುಂಜಾನಿ ಅವ್ವ ಹೊರಗಿನ ಖೋಲ್ಯಾಗ ಕುಂತು ತಲಿ ಬಾಚ್ಕೋತಾಳಲ್ರಿ, ಅಲ್ಲಿಂದ ಕಾಣಲಿ ಅಂತ ಆ ಕಡೆ ತಿರುಗಿಸೇನಿ." ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, "ಆಯಿಗೆ ಹೇಳಬ್ಯಾಡ್ರಿ ಸರ್. ಮಶೀನ್ ಆಕಿ ಸಂಬಂಧನ ಮಾಡೇನಂತ ತಿಳಕೊಂಡಾಳ, ಖುಷಿ ಆಗ್ಯಾಳ" ಎಂದಳು.

ಬಸ್ಸು ಬಂತು. ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿ ಕೂತೆ.

ದೀಪ ಹತ್ತಿಸುವುದು ಹೇಗೆ ಎಂದು ನಾನು ಮೂವತ್ತು ವರ್ಷ ಕಲಿಸಿದೆ. ಹತ್ತಿದ ದೀಪವನ್ನು ಯಾರ ಕಡೆಗೆ ತಿರುಗಿಸಿಡಬೇಕು ಎಂಬುದು ಯಾವ ಸಿಲೆಬಸ್ಸಿನಲ್ಲಿತ್ತು?